ಎಲ್ಲರೂ ಒಟ್ಟಿಗೆ ಮಾತನಾಡಿದಾಗ: ಅಲೋಹಾ ಜಾಲದ ಕಥೆ



ಕಳೆದ ವೈಶಾಖ ಮಾಸದಲ್ಲಿ ಬಂಧುಗಳೊಬ್ಬರ ಮನೆಯ ಮದುವೆಗೆಂದು ಶಿವಮೊಗ್ಗಕ್ಕೆ ಹೋಗಿದ್ದೆ. ಕಲ್ಯಾಣ ಮಂಟಪದ ಬಾಗಿಲಲ್ಲೇ ವೈಫೈ ಸೌಲಭ್ಯವಿದೆಯೆಂದು ಫಲಕ ಹಾಕಿ, ಅದರ ಕೆಳಗೆ ಪಾಸ್‌ವರ್ಡನ್ನೂ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರು. ಧಾರೆಯ ಹೊತ್ತಿಗೆ ಸಭಾಂಗಣದಲ್ಲಿ ನಾನೂರು ಐನೂರು ಜನ ಸೇರಿದ್ದರು. ವಧುವಿನ ಅಣ್ಣನಿಗೆ ಅಮೆರಿಕದಿಂದ ಬರಲು ಆಗಿರಲಿಲ್ಲ. ತಂಗಿಯ ಧಾರೆಯನ್ನು ಫೋನಿನಲ್ಲಾದರೂ ನೋಡುತ್ತೇನೆಂದು ಆ ಹುಡುಗ ಅಲ್ಲಿಯ ನಡುರಾತ್ರಿಯಲ್ಲಿ ಎದ್ದು ಕುಳಿತಿದ್ದ. ಅವನಿಗೆ ತೋರಿಸುವ ಕೆಲಸ ನನ್ನ ಮೊಮ್ಮಗನ ಪಾಲಿಗೆ ಬಂದಿತ್ತು. ಮಂಟಪದ ಎದುರು ಫೋನನ್ನು ಎತ್ತಿ ಹಿಡಿದು ನಿಂತಿದ್ದ ಅವನು ಸ್ವಲ್ಪ ಹೊತ್ತಿನಲ್ಲೇ ಅಳುಮೋರೆ ಮಾಡಿಕೊಂಡು ನನ್ನತ್ತ ತಿರುಗಿದ. "ಅಜ್ಜ, ಸಿಗ್ನಲ್ ಪೂರ್ತಿ ಇದೆ, ಆದ್ರೂ ಒಂಚೂರೂ ಹೋಗ್ತಾ ಇಲ್ಲ" ಎಂದ. ಧಾರೆ ಎರೆದು ಮುಗಿಯಿತು, ಅಕ್ಷತೆ ಬಿದ್ದಿತು. ದೂರದ ಅಣ್ಣನಿಗೆ ಕಂಡದ್ದು ಅಲುಗಾಡದೆ ನಿಂತ ಒಂದೇ ಒಂದು ಚಿತ್ರ. ಅದರಲ್ಲಿಯೂ ಪುರೋಹಿತರ ಬೆನ್ನು ಮಾತ್ರ.

ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಬಂದು ಕುಳಿತವನು ಹಳೆಯ ವಿದ್ಯಾರ್ಥಿ. ಈಗ ಬೆಂಗಳೂರಿನಲ್ಲಿ ದೂರಸಂಪರ್ಕ ಕ್ಷೇತ್ರದಲ್ಲಿ ಎಂಜಿನಿಯರ್ ಆಗಿದ್ದಾನೆ. ವಿಷಯ ತಿಳಿಸಿದಾಗ ನಕ್ಕು, "ಸಾರ್, ಹೊರಗಿನ ಲೈನು ಚೆನ್ನಾಗಿಯೇ ಇದೆ, ನಾನು ನೋಡಿದೆ. ತೊಂದರೆ ಇರೋದು ಈ ಹಾಲಿನೊಳಗೇ. ನಮ್ಮ ಎಂಟನೇ ಕ್ಲಾಸು ನೆನಪಿದೆಯಾ? ನೀವು ಪ್ರಶ್ನೆ ಕೇಳಿದ ಕೂಡ್ಲೇ ನಾವೆಲ್ಲ ಒಟ್ಟಿಗೆ ಕೂಗ್ತಿದ್ವಿ, ನಿಮಗೆ ಒಬ್ಬರದ್ದೂ ಕೇಳಿಸ್ತಿರಲಿಲ್ಲ. ಇದೂ ಅದೇ. ಹವಾಯಿಯಲ್ಲಿ ಒಬ್ಬ ಮೇಷ್ಟ್ರು ಇದಕ್ಕೆ ಉಪಾಯ ಹುಡುಕಿದ್ರು. ಅವರ ಕಥೆ ಓದಿ ಸಾರ್, ನಿಮಗೆ ಇಷ್ಟವಾಗುತ್ತೆ" ಎಂದ.

ಶಿಷ್ಯ ಕೊಟ್ಟ ಮನೆಪಾಠವನ್ನು ಮಾಡದಿರುವುದು ಉಪಾಧ್ಯಾಯನಿಗೆ ಶೋಭೆಯಲ್ಲ. ಎರಡು ತಿಂಗಳು ಓದಿದೆ, ಅರ್ಥವಾಗದ ಕಡೆ ಅವನಿಗೇ ಫೋನು ಮಾಡಿ ಕೇಳಿದೆ. ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮೊಮ್ಮಗನ ಗೊಂದಲವನ್ನು ಬಿಡಿಸೋಣ. ಫೋನಿನ ಮೂಲೆಯಲ್ಲಿ ಕಾಣುವ ಗೆರೆಗಳು ವೈಫೈ ಪೆಟ್ಟಿಗೆಯ ದನಿ ನಮಗೆ ಎಷ್ಟು ಗಟ್ಟಿಯಾಗಿ ಕೇಳುತ್ತಿದೆ ಎಂಬುದನ್ನು ಸೂಚಿಸುತ್ತವೆಯೇ ಹೊರತು, ನಮಗೆ ಮಾತನಾಡುವ ಸರದಿ ಯಾವಾಗ ಬರುತ್ತದೆ ಎಂಬುದನ್ನು ಸೂಚಿಸುವುದಿಲ್ಲ. ಇವೆರಡೂ ಬೇರೆ ಬೇರೆ ಸಂಗತಿಗಳು. ತಂತಿಯಾದರೆ ಮನೆಗೊಂದರಂತೆ ಎಳೆಯಬಹುದು. ರೇಡಿಯೋ ತರಂಗಗಳಿಗೆ ಹಾಗಲ್ಲ. ನಮ್ಮ ತರ್ಕಶಾಸ್ತ್ರದವರು ಶಬ್ದವನ್ನು ಆಕಾಶದ ಗುಣವೆಂದರು, ಆ ಆಕಾಶವು ಒಂದೇ ಎಂದೂ ಹೇಳಿದರು. ಅವರು ಹೇಳಿದ ಅರ್ಥ ಬೇರೆಯಾದರೂ ಇಲ್ಲಿಗೆ ಮಾತು ಒಪ್ಪುತ್ತದೆ. ಒಂದು ಆವೃತ್ತಿಯಲ್ಲಿ, ಒಂದು ಜಾಗದಲ್ಲಿ, ಒಂದು ಕ್ಷಣಕ್ಕೆ ಒಬ್ಬರು ಮಾತ್ರ ಮಾತನಾಡಬಹುದು. ಇಬ್ಬರು ಒಟ್ಟಿಗೆ ಮಾತನಾಡಿದರೆ ಸಾಮಾನ್ಯವಾಗಿ ಇಬ್ಬರ ಮಾತೂ ಕೆಡುತ್ತದೆ. ಹಾಗಾದರೆ ಈಗ ಯಾರು ಮಾತನಾಡಬೇಕೆಂದು ನಿರ್ಧರಿಸುವವರು ಯಾರು? ಈ ಲೇಖನದ ವಿಷಯ ಇಷ್ಟೇ.

ನಾರ್ಮನ್ ಏಬ್ರಮ್‌ಸನ್ 1932ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಜನಿಸಿದರು. ಹಾರ್ವರ್ಡಿನಲ್ಲಿ ಭೌತಶಾಸ್ತ್ರ ಓದಿ, ಸ್ಟ್ಯಾನ್‌ಫರ್ಡಿನಲ್ಲಿ 1958ರಲ್ಲಿ ಡಾಕ್ಟರೇಟ್ ಪಡೆದು, ಅಲ್ಲಿಯೇ ಅಧ್ಯಾಪಕರಾದರು. ಸಮುದ್ರದ ಅಲೆಗಳ ಮೇಲೆ ಹಲಗೆ ಹಿಡಿದು ಜಾರುವ ಆಟದ ಮೋಹ ಅವರಿಗೆ ಬಹಳವಾಗಿ ಇತ್ತು. ಹವಾಯಿಯ ಅಲೆಗಳನ್ನು ಕಂಡ ಮೇಲೆ ಮನಸ್ಸು ಅಲ್ಲಿಯೇ ನಿಂತಿತು. ಹೊನೊಲುಲುವಿಗೆ ಹೋಗಿ ಹವಾಯಿ ವಿಶ್ವವಿದ್ಯಾಲಯವನ್ನು ಸೇರಿದರು. ಸಮುದ್ರದ ಮೋಹದಿಂದ ಊರು ಬದಲಿಸಿದ ಮೇಷ್ಟ್ರೊಬ್ಬರಿಂದ ಇಂದಿನ ವೈಫೈಗೆ ಅಡಿಪಾಯ ಬಿದ್ದಿತು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಆ ವಿಶ್ವವಿದ್ಯಾಲಯದ ಮುಖ್ಯ ಕಂಪ್ಯೂಟರ್ ಇದ್ದದ್ದು ಓಆಹು ದ್ವೀಪದಲ್ಲಿ. ಕಾಲೇಜುಗಳೂ ಸಂಶೋಧನಾ ಕೇಂದ್ರಗಳೂ ಬೇರೆ ಬೇರೆ ದ್ವೀಪಗಳಲ್ಲಿ ಹರಡಿದ್ದವು. ದೂರದಲ್ಲಿ ಕುಳಿತವರು ಕಂಪ್ಯೂಟರನ್ನು ಬಳಸಬೇಕಾದರೆ ಆಗ ಇದ್ದ ದಾರಿ ಟೆಲಿಫೋನ್ ತಂತಿ ಒಂದೇ. ಆ ತಂತಿಗಳು ದುಬಾರಿ, ಗುಣವೂ ಅಷ್ಟಕ್ಕಷ್ಟೆ. ಅದಕ್ಕಿಂತ ದೊಡ್ಡ ದೋಷವೊಂದಿತ್ತು. ಕಂಪ್ಯೂಟರಿನ ಮುಂದೆ ಕುಳಿತವನು ಒಂದು ಸಾಲು ಬೆರಳಚ್ಚು ಮಾಡುತ್ತಾನೆ, ಉತ್ತರವನ್ನು ಓದುತ್ತಾನೆ, ಯೋಚಿಸುತ್ತಾನೆ, ಮತ್ತೊಂದು ಸಾಲು ಬರೆಯುತ್ತಾನೆ. ಅವನು ಯೋಚಿಸುವಷ್ಟು ಹೊತ್ತೂ ತಂತಿ ಖಾಲಿ ಬಿದ್ದಿರುತ್ತದೆ, ಬಾಡಿಗೆ ಮಾತ್ರ ಓಡುತ್ತಿರುತ್ತದೆ. ತಂತಿಯ ಬದಲು ರೇಡಿಯೋ ಬಳಸಿದರೆ ಹೇಗೆ ಎಂಬ ಯೋಚನೆಯಿಂದ 1968ರಲ್ಲಿ ಅವರು ಒಂದು ಯೋಜನೆಯನ್ನು ಆರಂಭಿಸಿದರು. ಫ್ರಾಂಕ್ ಕುವೊ, ರಿಚರ್ಡ್ ಬೈಂಡರ್ ಮೊದಲಾದವರು ಜೊತೆಗಿದ್ದರು. ಹಣ ಬಂದದ್ದು ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ವಿಭಾಗವಾದ ಆರ್ಪಾದಿಂದ. ಯೋಜನೆಗೆ ಇಟ್ಟ ಹೆಸರು ಅಲೋಹಾ. ಹವಾಯಿ ಭಾಷೆಯಲ್ಲಿ ಅದು ಪ್ರೀತಿಯ ಮಾತು. ಬಂದವರಿಗೂ ಅಲೋಹಾ, ಹೊರಟವರಿಗೂ ಅಲೋಹಾ.

ಎಲ್ಲ ದೂರದ ಯಂತ್ರಗಳಿಗೂ ಸೇರಿ ಇದ್ದದ್ದು ಎರಡು ರೇಡಿಯೋ ಮಾರ್ಗಗಳು. 413.475 ಮೆಗಾಹರ್ಟ್ಸ್ ಮತ್ತು 407.350 ಮೆಗಾಹರ್ಟ್ಸ್ ಆವೃತ್ತಿಯವು. ಒಂದರಲ್ಲಿ ಮುಖ್ಯ ಕೇಂದ್ರವು ಎಲ್ಲರಿಗೂ ಹೇಳುತ್ತದೆ. ಅಲ್ಲಿ ಹೇಳುವವರು ಒಬ್ಬರೇ ಆದ್ದರಿಂದ ಜಗಳವಿಲ್ಲ. ಇನ್ನೊಂದರಲ್ಲಿ ಎಲ್ಲರೂ ಕೇಂದ್ರಕ್ಕೆ ಹೇಳುತ್ತಾರೆ, ಜಗಳವೆಲ್ಲ ಅಲ್ಲಿಯೇ. ಕೇಂದ್ರದಲ್ಲಿ ಈ ಸಂದೇಶಗಳನ್ನು ನೋಡಿಕೊಳ್ಳುವ ಸಣ್ಣ ಕಂಪ್ಯೂಟರಿಗೆ ಅವರು 'ಮೆನೆಹುನೆ' ಎಂದು ಹೆಸರಿಟ್ಟಿದ್ದರು. ಹವಾಯಿಯ ಜನಪದ ಕಥೆಗಳಲ್ಲಿ ರಾತ್ರಿಯ ಹೊತ್ತು ಬಂದು, ಯಾರ ಕಣ್ಣಿಗೂ ಬೀಳದೆ ದೊಡ್ಡ ದೊಡ್ಡ ಕೆಲಸಗಳನ್ನು ಮಾಡಿ ಮುಗಿಸುವ ಕುಳ್ಳರ ಹೆಸರದು.

ಈಗ ಮುಖ್ಯ ಪ್ರಶ್ನೆ. ಆ ಎರಡನೆಯ ಮಾರ್ಗವನ್ನು ಹಂಚುವುದು ಹೇಗೆ? ಆ ಕಾಲದ ಎಂಜಿನಿಯರುಗಳಿಗೆ ಗೊತ್ತಿದ್ದ ಉತ್ತರ ಸಮಪಾಲು. ನೂರು ಮಂದಿ ಇದ್ದರೆ ನೂರು ಪಾಲು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಡು. ಇಲ್ಲವೇ ಹಾಜರಿ ಕೂಗಿದಂತೆ ಒಬ್ಬೊಬ್ಬರನ್ನೇ ಕೇಳುತ್ತಾ ಹೋಗು. ಏಬ್ರಮ್‌ಸನ್ ಇದೆರಡನ್ನೂ ಬಿಟ್ಟರು. ಯಾರಿಗೆ ಯಾವಾಗ ಹೇಳುವುದಿದೆಯೋ ಆಗಲೇ ಹೇಳಿಬಿಡಲಿ, ಯಾರ ಅಪ್ಪಣೆಯೂ ಬೇಡ ಎಂದರು. ಸಂದೇಶವು ಸರಿಯಾಗಿ ತಲುಪಿದರೆ ಮೆನೆಹುನೆಯಿಂದ "ತಲುಪಿತು" ಎಂಬ ಉತ್ತರ ಬರುತ್ತದೆ. ಬಾರದಿದ್ದರೆ ಯಾರದೋ ಸಂದೇಶದೊಡನೆ ಡಿಕ್ಕಿಯಾಗಿ ಕೆಟ್ಟಿತೆಂದು ತಿಳಿದು ಮತ್ತೆ ಕಳುಹಿಸಬೇಕು. ಆದರೆ ತಕ್ಷಣವೇ ಕಳುಹಿಸಬಾರದು. ಡಿಕ್ಕಿಯಾದ ಇಬ್ಬರೂ ತಕ್ಷಣ ಕಳುಹಿಸಿದರೆ ಮತ್ತೊಮ್ಮೆ ಡಿಕ್ಕಿ ಖಂಡಿತ. ಆದ್ದರಿಂದ ಪ್ರತಿಯೊಬ್ಬನೂ ಚೀಟಿ ಎತ್ತಿದಂತೆ ಯಾವುದೋ ಒಂದು ಅವಧಿಯನ್ನು ಆರಿಸಿಕೊಂಡು, ಅಷ್ಟು ಹೊತ್ತು ಸುಮ್ಮನಿದ್ದು ಅನಂತರ ಕಳುಹಿಸಬೇಕು. ಇದೇ ಅಲೋಹಾದ ನಿಯಮ. ಅವರು ಈ ವಿಚಾರವನ್ನು 1970ರ ಸಮ್ಮೇಳನವೊಂದರಲ್ಲಿ ಪ್ರಕಟಿಸಿದರು. 1971ರ ಜೂನ್‌ನಲ್ಲಿ ಜಾಲವು ಕೆಲಸ ಆರಂಭಿಸಿತು.

ನೀವು ಗಣಿತದ ಮೇಷ್ಟ್ರ ಲೇಖನ ಓದುತ್ತಿದ್ದೀರಿ. ಲೆಕ್ಕವಿಲ್ಲದೆ ಬಿಡುವವನಲ್ಲ ನಾನು. ಒಂದು ಸಂದೇಶದ ಕಟ್ಟಿನಲ್ಲಿ, ಅಂದರೆ ಪ್ಯಾಕೆಟ್‌ನಲ್ಲಿ, ಹೆಚ್ಚೆಂದರೆ 80 ಅಕ್ಷರಗಳು. ವಿಳಾಸ ಮೊದಲಾದವು ಸೇರಿ 704 ಬಿಟ್‌ಗಳು. ಮಾರ್ಗದ ವೇಗ ಸೆಕೆಂಡಿಗೆ 9600 ಬಿಟ್. ಭಾಗಿಸಿದರೆ ಒಂದು ಪ್ಯಾಕೆಟ್ ಸಾಗಲು ಸುಮಾರು 73 ಮಿಲಿಸೆಕೆಂಡು ಬೇಕು. ನನ್ನ ಪ್ಯಾಕೆಟ್ ಹೊರಡುವುದಕ್ಕಿಂತ 73 ಮಿಲಿಸೆಕೆಂಡಿನೊಳಗೆ ಮೊದಲು ಬೇರೊಬ್ಬರದು ಹೊರಟಿದ್ದರೆ ಅದರ ಬಾಲ ನನ್ನ ತಲೆಗೆ ತಗಲುತ್ತದೆ. ನನ್ನದು ಹೊರಟ ಮೇಲೆ 73 ಮಿಲಿಸೆಕೆಂಡಿನೊಳಗೆ ಬೇರೊಂದು ಹೊರಟರೆ ಅದರ ತಲೆ ನನ್ನ ಬಾಲಕ್ಕೆ ತಗಲುತ್ತದೆ. ಹೀಗೆ ಅಪಾಯದ ಕಾಲ ಪ್ಯಾಕೆಟ್‌ನ ಉದ್ದದ ಎರಡರಷ್ಟು, 146 ಮಿಲಿಸೆಕೆಂಡು. ಇದರಿಂದ ಹೊರಟು ಸಂಭವನೀಯತೆಯ ಲೆಕ್ಕ ಮಾಡಿದರೆ, ಮಾರ್ಗವು ಎಷ್ಟೇ ಚೆನ್ನಾಗಿ ನಡೆದರೂ ಅದರ ಸಾಮರ್ಥ್ಯದಲ್ಲಿ ಶೇಕಡ 18.4ರಷ್ಟು ಮಾತ್ರ ಕೆಲಸಕ್ಕೆ ಬರುತ್ತದೆ ಎಂದು ತಿಳಿಯುತ್ತದೆ. ಲಾಗರಿದಮ್ ಪಾಠದಲ್ಲಿ ಬರುವ 2.718 ಎಂಬ ಸಂಖ್ಯೆಯನ್ನು ದ್ವಿಗುಣಗೊಳಿಸಿ 1ನ್ನು ಅದರಿಂದ ಭಾಗಿಸಿದರೆ ಸಿಗುವ ಬೆಲೆ ಇದು.

ನೂರರಲ್ಲಿ ಎಂಬತ್ತೊಂದು ಭಾಗಕ್ಕೂ ಹೆಚ್ಚು ವ್ಯರ್ಥ. ಇದೆಂಥ ಜಾಣತನ ಎಂದು ನಿಮಗೆ ಅನ್ನಿಸಬಹುದು, ನನಗೂ ಅನ್ನಿಸಿತು. ಕಾಗದ ಹಿಡಿದು ಲೆಕ್ಕ ಹಾಕಿದೆ. ಒಬ್ಬೊಬ್ಬರು 30 ಸೆಕೆಂಡಿಗೊಮ್ಮೆ ಒಂದು ಪೂರ್ಣ ಪ್ಯಾಕೆಟ್ ಕಳುಹಿಸುತ್ತಾರೆಂದು ಇಟ್ಟುಕೊಂಡರೆ, ಈ ಶೇಕಡ 18.4ರಲ್ಲಿಯೇ ಸುಮಾರು 75 ಮಂದಿಗೆ ಜಾಗವಿದೆ. ಅದೇ ಮಾರ್ಗವನ್ನು 75 ಸಮಪಾಲು ಮಾಡಿದ್ದರೆ ಒಬ್ಬೊಬ್ಬರಿಗೆ ಸಿಗುತ್ತಿದ್ದದ್ದು ಸೆಕೆಂಡಿಗೆ 128 ಬಿಟ್. ಒಂದು ಪ್ಯಾಕೆಟ್ ಸಾಗಲು ಪ್ರತಿ ಸಲವೂ ಐದೂವರೆ ಸೆಕೆಂಡು. ಪಕ್ಕದವರೆಲ್ಲ ಊಟಕ್ಕೆ ಎದ್ದು ಹೋಗಿದ್ದರೂ ಐದೂವರೆ ಸೆಕೆಂಡೇ. ಅಲೋಹಾದಲ್ಲಿ ಮೊದಲ ಯತ್ನಕ್ಕೇ ತಲುಪಿದರೆ 73 ಮಿಲಿಸೆಕೆಂಡು. ಪೂರ್ತಿ 75 ಮಂದಿ ಕುಳಿತಾಗ ಸರಾಸರಿ ಎರಡು ಮೂರು ಯತ್ನಗಳು ಬೇಕಾಗುತ್ತವೆ ಎಂಬುದು ನಿಜ. ಆದರೆ ಜನ ಕಡಿಮೆ ಇದ್ದಾಗ ಕಾಯುವ ಮಾತೇ ಇಲ್ಲ. ಮಾರ್ಗವನ್ನು ವ್ಯರ್ಥ ಮಾಡಿ ಮನುಷ್ಯರ ಕಾಲವನ್ನು ಉಳಿಸಿದರು, ಅಷ್ಟೆ.

ಏಬ್ರಮ್‌ಸನ್ ತಾವೇ ಬರೆದುಕೊಂಡಿರುವ ಒಂದು ಪ್ರಸಂಗವನ್ನು ಇಲ್ಲಿ ಹೇಳದಿರಲಾರೆ. ಇಂದಿನ ಇಂಟರ್‌ನೆಟ್ಟಿನ ತಾಯಿಯಾದ ಆರ್ಪಾನೆಟ್ ಜಾಲವನ್ನು ಆಗ ನಡೆಸುತ್ತಿದ್ದವರು ಲಾರೆನ್ಸ್ ರಾಬರ್ಟ್ಸ್. ಏಬ್ರಮ್‌ಸನ್ ಅವರನ್ನು ಕಾಣಲು ಹೋಗಿದ್ದಾಗ ಕೊಠಡಿಯಲ್ಲಿ ಕೆಲವು ನಿಮಿಷ ಒಬ್ಬರೇ ಕಾಯಬೇಕಾಯಿತು. ಅಲ್ಲಿದ್ದ ಕಪ್ಪು ಹಲಗೆಯ ಮೇಲೆ, ಯಾವ ಯಾವ ಸಂಸ್ಥೆಯನ್ನು ಯಾವ ದಿನ ಜಾಲಕ್ಕೆ ಜೋಡಿಸಬೇಕೆಂಬ ಪಟ್ಟಿಯಿತ್ತು. ಅದರಲ್ಲಿ ಹವಾಯಿಯ ಹೆಸರಿರಲಿಲ್ಲ. ಇವರು ಸೀಮೆಸುಣ್ಣ ತೆಗೆದುಕೊಂಡು ತಮ್ಮ ಯೋಜನೆಯ ಹೆಸರನ್ನೂ ಡಿಸೆಂಬರ್ ತಿಂಗಳ ಒಂದು ದಿನಾಂಕವನ್ನೂ ಪಟ್ಟಿಗೆ ಸೇರಿಸಿದರು. ಮಾತುಕತೆಯಲ್ಲಿ ಅದರ ಪ್ರಸ್ತಾಪವೇ ಬರಲಿಲ್ಲ. ಕೆಲವು ಕಾಲದ ಮೇಲೆ, ಯಂತ್ರವನ್ನು ಜೋಡಿಸಲು ಸಿದ್ಧರಾಗಿರಿ ಎಂಬ ಕರೆ ಬಂದೇಬಿಟ್ಟಿತು. 1972ರ ಡಿಸೆಂಬರ್‌ನಲ್ಲಿ ಹವಾಯಿ ಉಪಗ್ರಹದ ಮೂಲಕ ಆರ್ಪಾನೆಟ್ಟಿಗೆ ಸೇರಿತು. ಕರಿಹಲಗೆಯ ಶಕ್ತಿ ಮೇಷ್ಟ್ರಿಗಲ್ಲದೆ ಮತ್ತಾರಿಗೆ ತಿಳಿದೀತು!

ಅದೇ ರಾಬರ್ಟ್ಸ್ 1972ರಲ್ಲಿ ಅಲೋಹಾಕ್ಕೆ ಒಂದು ತಿದ್ದುಪಡಿ ಸೂಚಿಸಿದರು. ಕಾಲವನ್ನು ಪ್ಯಾಕೆಟ್‌ನ ಉದ್ದದಷ್ಟು ಸಮಭಾಗಗಳಾಗಿ ಕತ್ತರಿಸಿ, ಪ್ರತಿ ಭಾಗದ ಆರಂಭದಲ್ಲಿ ಮಾತ್ರ ಕಳುಹಿಸಬಹುದೆಂದು ನಿಯಮ ಮಾಡಿದರೆ ಅಪಾಯದ ಕಾಲ ಅರ್ಧವಾಗುತ್ತದೆ, ಲಾಭ ಶೇಕಡ 36.8ಕ್ಕೆ ಏರುತ್ತದೆ. ಈ ವಿಧಾನ ಇಂದಿಗೂ ಬದುಕಿದೆ. ಭಾರತಕ್ಕೆ 1995ರಲ್ಲಿ ಬಂದ ಜಿಎಸ್‌ಎಂ ಮೊಬೈಲಿನಲ್ಲಿ ಕರೆ ಮಾಡಲು ಗುಂಡಿ ಒತ್ತಿದೊಡನೆ, ಫೋನು ಗೋಪುರದ ಬಾಗಿಲನ್ನು ಮೊದಲು ತಟ್ಟುವುದು ಈ ನಿಯಮದಂತೆಯೇ. ನೀವು ಹಳೆಯ ಗುಂಡಿ ಫೋನಿನಲ್ಲಿ ನನಗೆ ಗುರುಪೂರ್ಣಿಮೆಯ ಶುಭಾಶಯ ಹೇಳಿದಾಗಲೆಲ್ಲ ಹವಾಯಿಯ ಮೇಷ್ಟ್ರಿಗೂ ಒಂದು ನಮಸ್ಕಾರ ಸಂದಿದೆ.

ಆದರೆ ಅಲೋಹಾದಲ್ಲಿ ಒಂದು ಭಯಂಕರ ದೋಷವಿತ್ತು. ಕಳುಹಿಸುವ ಯತ್ನಗಳೆಲ್ಲ ಕೂಡಿ ಮಾರ್ಗದ ಸಾಮರ್ಥ್ಯದ ಅರ್ಧದಷ್ಟಿದ್ದಾಗ ಶೇಕಡ 18.4 ತಲುಪುತ್ತದೆ. ಯತ್ನಗಳು ಸಾಮರ್ಥ್ಯದಷ್ಟೇ ಆದರೆ ತಲುಪುವುದು 13.5. ಎರಡರಷ್ಟಾದರೆ 3.7. ಮೂರರಷ್ಟಾದರೆ 1ಕ್ಕಿಂತ ಕಡಿಮೆ. ಹೆಚ್ಚು ಕೂಗಿದಷ್ಟೂ ಕಡಿಮೆ ಕೇಳುತ್ತದೆ. ತಲುಪದಿದ್ದವರು ಮತ್ತೆ ಕೂಗುತ್ತಾರೆ, ಅದರಿಂದ ಗದ್ದಲ ಮತ್ತಷ್ಟು ಹೆಚ್ಚುತ್ತದೆ. ಒಮ್ಮೆ ಈ ಇಳಿಜಾರಿಗೆ ಬಿದ್ದ ಜಾಲ ತಾನಾಗಿ ಮೇಲೇಳುವುದು ಕಷ್ಟ. ಕ್ಯಾಲಿಫೋರ್ನಿಯಾದ ಲಿಯೊನಾರ್ಡ್ ಕ್ಲೈನ್‌ರಾಕ್ ಮತ್ತು ಸೈಮನ್ ಲ್ಯಾಮ್ 1975ರಲ್ಲಿ ಈ ಅಸ್ಥಿರತೆಯನ್ನು ವಿವರವಾಗಿ ವಿಶ್ಲೇಷಿಸಿದರು.

ಇದಕ್ಕೆ ಔಷಧ ಹುಡುಕಿದವರಲ್ಲಿ ಮುಖ್ಯನಾದವನು ಆಗಿನ್ನೂ ವಿದ್ಯಾರ್ಥಿ. ರಾಬರ್ಟ್ ಮೆಟ್‌ಕಾಫ್ ಎಂಬ ಆ ತರುಣನ ಡಾಕ್ಟರೇಟ್ ಪ್ರಬಂಧವನ್ನು ಹಾರ್ವರ್ಡಿನವರು, ಇದರಲ್ಲಿ ಸಿದ್ಧಾಂತ ಸಾಲದೆಂದು ತಿರಸ್ಕರಿಸಿದ್ದರು. 1972ರಲ್ಲಿ ವಾಷಿಂಗ್ಟನ್ನಿನ ಸ್ನೇಹಿತರ ಮನೆಯಲ್ಲಿ ತಂಗಿದ್ದಾಗ, ರಾತ್ರಿ ನಿದ್ದೆ ಬರಿಸಿಕೊಳ್ಳಲೆಂದು ಕೈಗೆ ಸಿಕ್ಕಿದ ಸಮ್ಮೇಳನದ ಸಂಪುಟವೊಂದನ್ನು ತಿರುವಿದ. ಅದರಲ್ಲಿ ಏಬ್ರಮ್‌ಸನ್ ಅವರ ಲೇಖನವಿತ್ತು. ನಿದ್ದೆ ಬರುವ ಬದಲು ಸಂಶಯ ಬಂದಿತು. ಉತ್ತರ ಬಾರದಿದ್ದರೂ ಜನ ಹೊಸ ಹೊಸ ಸಂದೇಶಗಳನ್ನು ಕಳುಹಿಸುತ್ತಲೇ ಇರುತ್ತಾರೆ ಎಂದು ಆ ಲೆಕ್ಕ ಭಾವಿಸಿತ್ತು. ನಿಜವಾದ ಮನುಷ್ಯರು ಹಾಗೆ ಮಾಡುವುದಿಲ್ಲವಲ್ಲ, ಉತ್ತರಕ್ಕಾಗಿ ಕಾಯುತ್ತಾರಲ್ಲ ಎಂದು ಅವನಿಗೆ ತೋಚಿತು. ಹವಾಯಿಗೇ ಹೋಗಿ ಅಧ್ಯಯನ ಮಾಡಿ, ಆ ವಿಶ್ಲೇಷಣೆಯನ್ನು ಪ್ರಬಂಧಕ್ಕೆ ಸೇರಿಸಿ 1973ರಲ್ಲಿ ಡಾಕ್ಟರೇಟ್ ಪಡೆದ. ಡಿಕ್ಕಿಗಳು ಹೆಚ್ಚಾದಂತೆ ಕಾಯುವ ಅವಧಿಯನ್ನೂ ಹೆಚ್ಚಿಸಬೇಕು ಎಂಬುದು ಅದರ ಸಾರ.

ಜೆರಾಕ್ಸ್ ಸಂಸ್ಥೆಯ ಪ್ರಯೋಗಾಲಯದಲ್ಲಿ 1973ರ ಮೇ 22ರಂದು ಮೆಟ್‌ಕಾಫ್ ಬರೆದ ಟಿಪ್ಪಣಿಯಲ್ಲಿ ಈಥರ್ನೆಟ್ ಎಂಬ ಹೆಸರು ಬಂದಿತು. ಡೇವಿಡ್ ಬಾಗ್ಸ್ ಅವರೊಡನೆ ಅದನ್ನು ಕಟ್ಟಿದರು. ಅದು ತಂತಿಯ ಜಾಲ, ಆದರೆ ಒಂದೇ ತಂತಿ ಎಲ್ಲರಿಗೂ. ಅದರ ನಿಯಮಗಳು ಸಭ್ಯರ ನಡತೆಯಂತಿವೆ: ಮಾತನಾಡುವ ಮೊದಲು ಕಿವಿಗೊಡು; ಯಾರಾದರೂ ಮಾತನಾಡುತ್ತಿದ್ದರೆ ತಡೆ; ನಿನ್ನ ಮಾತಿಗೆ ಮತ್ತೊಬ್ಬರ ಮಾತು ಅಡ್ಡ ಬಂದರೆ ಒಡನೆ ನಿಲ್ಲಿಸು. ಮುಂದೆ ಅಂಗೀಕೃತವಾದ ನಿಯಮದಲ್ಲಿ, ಮೊದಲ ಡಿಕ್ಕಿಯಾದಾಗ 0 ಅಥವಾ 1 ಎಂದು ಚೀಟಿ ಎತ್ತಿ ಅಷ್ಟು ಹೊತ್ತು ಕಾಯಬೇಕು. ಎರಡನೆಯದಕ್ಕೆ 0ಯಿಂದ 3, ಮೂರನೆಯದಕ್ಕೆ 0ಯಿಂದ 7, ಹೀಗೆ 1023ರವರೆಗೆ. ಹದಿನಾರು ಸಲ ಸೋತರೆ ಕೈಬಿಡಬೇಕು. ಇದಕ್ಕಾಗಿ ಮೆಟ್‌ಕಾಫ್ ಅವರಿಗೆ 2022ರ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು.

ತಂತಿಯಿಂದ ಮತ್ತೆ ರೇಡಿಯೋಗೆ ಬರೋಣ. ಅಲ್ಲಿ ಎರಡು ಕಷ್ಟಗಳು. ತಾನು ಮಾತನಾಡುತ್ತಿರುವಾಗ ತನ್ನದೇ ದನಿಯ ಅಬ್ಬರದಲ್ಲಿ ಬೇರೆಯವರದು ಕೇಳಿಸುವುದಿಲ್ಲ. ಮೊದಲೇ ಕಿವಿಗೊಟ್ಟರೂ, ಕೇಂದ್ರದ ಆ ಬದಿಯಲ್ಲಿ ದೂರದಲ್ಲಿರುವವರ ದನಿ ಈ ಬದಿಯವರಿಗೆ ತಲುಪದಿರಬಹುದು. ಇಬ್ಬರೂ ಮಾರ್ಗ ಖಾಲಿಯೆಂದು ತಿಳಿದು ಒಟ್ಟಿಗೆ ಮಾತನಾಡಿ ನಡುವಿನವನ ಕಿವಿ ಕೆಡಿಸುತ್ತಾರೆ. ಈ 'ಅಡಗಿದ ನೆರೆಯವ'ನ ಸಮಸ್ಯೆಯನ್ನು ಕ್ಲೈನ್‌ರಾಕ್ ಮತ್ತು ಫೌಆದ್ ತೊಬಾಗಿ 1975ರಲ್ಲಿಯೇ ವಿವರಿಸಿದ್ದರು. ಆದ್ದರಿಂದ 1997ರಲ್ಲಿ ಬಂದ ವೈಫೈ ನಿಯಮವು ಡಿಕ್ಕಿಯಾದ ಮೇಲೆ ಎಚ್ಚರಾಗುವ ಬದಲು ಡಿಕ್ಕಿಯನ್ನೇ ತಪ್ಪಿಸಲು ಯತ್ನಿಸುತ್ತದೆ. 1999ರ ಆವೃತ್ತಿಯಲ್ಲಿ ಫೋನು ಮೊದಲೇ 0ಯಿಂದ 31ರೊಳಗೆ ಒಂದು ಸಂಖ್ಯೆ ಎತ್ತಿಕೊಳ್ಳುತ್ತದೆ. ಮಾರ್ಗ ಮೌನವಾಗಿರುವ ಪ್ರತಿ 20 ಮೈಕ್ರೋಸೆಕೆಂಡಿಗೆ ಒಂದರಂತೆ ಕಳೆಯುತ್ತಾ ಬಂದು ಸೊನ್ನೆಯಾದಾಗ ಮಾತನಾಡುತ್ತದೆ. ನಡುವೆ ಯಾರಾದರೂ ಮಾತನಾಡಿದರೆ ಎಣಿಕೆಯನ್ನು ಅಲ್ಲಿಗೇ ನಿಲ್ಲಿಸಿ, ಮೌನ ಮರಳಿದ ಮೇಲೆ ಮುಂದುವರಿಸುತ್ತದೆ. "ತಲುಪಿತು" ಎಂಬ ಉತ್ತರ ಬಾರದಿದ್ದರೆ 31 ಇದ್ದದ್ದು 63, ಅನಂತರ 127, ಹೀಗೆ 1023ರವರೆಗೆ. ನಮ್ಮ ದೇಶದಲ್ಲಿ 2005ರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಲ್ಲದೆ ಬಳಸಲು ಅನುಮತಿ ದೊರೆತ ಮೇಲೆ ಈ ಚೀಟಿ ಎತ್ತುವ ಆಟ ಮನೆಮನೆಗೂ ಬಂದಿತು. ಈ ಆಟದಲ್ಲಿ ಯಾರು ಎಷ್ಟು ಕಾಯಬೇಕಾಗುತ್ತದೆ ಎಂಬ ಗಣಿತದ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅನುರಾಗ್ ಕುಮಾರ್ ಮತ್ತು ಅವರ ಸಂಗಡಿಗರು ಮಹತ್ವದ ಕೆಲಸ ಮಾಡಿದ್ದಾರೆ ಎಂಬುದು ನಮಗೆ ಅಭಿಮಾನದ ವಿಷಯ.

ಇಲ್ಲಿಯವರೆಗೆ ಓದಿ ಸಂತೋಷಪಟ್ಟವನು ಮುಂದಿನ ಒಂದು ಸಂಗತಿಯನ್ನು ಓದಿ ಪುಸ್ತಕ ಕೆಳಗಿಟ್ಟೆ. ಈ ಸಭ್ಯ ನಿಯಮದಲ್ಲಿ ಒಂದು ಅನ್ಯಾಯ ಅಡಗಿದೆ. ಗೆದ್ದವನ ಲೆಕ್ಕ ಕೂಡಲೇ ಮೊದಲಿನ ಚಿಕ್ಕ ಸಂಖ್ಯೆಗೆ ಇಳಿಯುತ್ತದೆ. ಸೋತವನದು ದ್ವಿಗುಣವಾಗುತ್ತದೆ. ಮುಂದಿನ ಸುತ್ತಿನಲ್ಲಿ ಗೆಲ್ಲುವ ಸಂಭವ ಈಗಾಗಲೇ ಗೆದ್ದವನಿಗೇ ಹೆಚ್ಚು. ಸೋತವನು ಸೋತದ್ದಕ್ಕಾಗಿಯೇ ಇನ್ನಷ್ಟು ಹಿಂದೆ ಸರಿಯುತ್ತಾನೆ. ಈಥರ್ನೆಟ್ಟಿನಲ್ಲಿ ಇದನ್ನು ಎಂಜಿನಿಯರುಗಳು ಗುರುತಿಸಿ, ಒಬ್ಬನೇ ಮಾರ್ಗವನ್ನು 'ವಶಪಡಿಸಿಕೊಳ್ಳುವ' ದೋಷವೆಂದು ಕರೆದರು. ರೇಡಿಯೋದಲ್ಲಿ ಇದರ ಜೊತೆಗೆ ಮತ್ತೊಂದು ಸೇರುತ್ತದೆ. ಹತ್ತಿರದವನ ಗಟ್ಟಿ ದನಿಯೂ ದೂರದವನ ಕ್ಷೀಣ ದನಿಯೂ ಡಿಕ್ಕಿಯಾದರೆ ಕೆಲವೊಮ್ಮೆ ಗಟ್ಟಿ ದನಿ ಉಳಿದುಕೊಳ್ಳುತ್ತದೆ, ಕ್ಷೀಣ ದನಿ ಮಾತ್ರ ಕೆಡುತ್ತದೆ.

ಪುಸ್ತಕ ಕೆಳಗಿಡಲು ಕಾರಣ, ನನಗೆ ಒಂದು ಮುಖ ನೆನಪಾದದ್ದು. ತೊಂಬತ್ತರ ದಶಕದಲ್ಲಿ ತರಗತಿಯ ಗದ್ದಲ ತಾಳಲಾರದೆ ನಾನೂ ಒಂದು ನಿಯಮ ಮಾಡಿದ್ದೆ. ಯಾರೂ ಕೂಗಬಾರದು, ಕೈ ಎತ್ತಬೇಕು, ಯಾರ ಕೈ ಮೊದಲು ಕಂಡಿತೋ ಅವರು ಹೇಳಬೇಕು. ತರಗತಿ ಶಾಂತವಾಯಿತು. ತಪಾಸಣೆಗೆ ಬಂದ ಅಧಿಕಾರಿಗಳೂ ಮೆಚ್ಚಿದರು. ಮೊದಲ ಸಾಲಿನ ಐದಾರು ಕೈಗಳು ಸದಾ ಮೊದಲು ಕಾಣುತ್ತಿದ್ದವು. ಕೊನೆಯ ಬೆಂಚಿನ ಗೋಡೆಯ ಬದಿಯಲ್ಲಿ ಒಬ್ಬ ಹುಡುಗ ಕೂರುತ್ತಿದ್ದ. ಜೂನ್ ತಿಂಗಳಲ್ಲಿ ಪ್ರತಿ ಪ್ರಶ್ನೆಗೂ ಕೈ ಎತ್ತುತ್ತಿದ್ದ. ದಸರಾ ರಜೆಯ ಹೊತ್ತಿಗೆ ಆಗೊಮ್ಮೆ ಈಗೊಮ್ಮೆ. ಸಂಕ್ರಾಂತಿಯ ಹೊತ್ತಿಗೆ ಕೈ ಬೆಂಚಿನ ಮೇಲೆಯೇ ಉಳಿಯಿತು. ಅವನಿಗೆ ಗಣಿತ ಬಾರದೆಂದು ನಾನು ತೀರ್ಮಾನಿಸಿಕೊಂಡೆ. ಎಷ್ಟೋ ವರ್ಷಗಳ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕಿ, ಕಾಲಿಗೆ ನಮಸ್ಕರಿಸಿ, ಮಾತಿನ ನಡುವೆ ನಗುತ್ತಲೇ ಹೇಳಿದ: "ಉತ್ತರ ಗೊತ್ತಿರ್ತಿತ್ತು ಸಾರ್. ಕೈ ಎತ್ತಿ ಎತ್ತಿ ಸಾಕಾಗಿ ಬಿಟ್ಬಿಟ್ಟೆ." ಅವನಿಗೆ ದೂರುವ ಉದ್ದೇಶವಿರಲಿಲ್ಲ. ಆದರೆ ಆ ಮಾತು ನನ್ನೊಳಗೆ ಉಳಿದಿದೆ. ನನ್ನ ನಿಯಮ ಗದ್ದಲವನ್ನು ನಿಲ್ಲಿಸಿತ್ತು, ನ್ಯಾಯವನ್ನು ಒದಗಿಸಿರಲಿಲ್ಲ. ಎರಡೂ ಒಂದೇ ಎಂದು ನಾನು ಭಾವಿಸಿದ್ದೆ.

ಎಂಜಿನಿಯರುಗಳಿಗೂ ಇದು ತಿಳಿಯಲು ಕಾಲ ಹಿಡಿಯಿತು. ಫ್ರಾನ್ಸಿನ ಗ್ರೆನೋಬಲ್ ನಗರದ ಸಂಶೋಧಕರು 2003ರಲ್ಲಿ, ನಿಧಾನವಾಗಿ ಮಾತನಾಡುವ ಒಂದೇ ಯಂತ್ರವು ವೈಫೈ ಜಾಲದ ಎಲ್ಲರನ್ನೂ ನಿಧಾನಗೊಳಿಸುತ್ತದೆಂದು ತೋರಿಸಿದರು. ಸರದಿಗಳು ಸಮನಾಗಿದ್ದರೂ ಸರದಿಯ ಉದ್ದ ಸಮನಾಗಿರಲಿಲ್ಲ. 2005ರಲ್ಲಿ ಬಂದ ತಿದ್ದುಪಡಿಯಿಂದ, ತಡವನ್ನು ಸಹಿಸಲಾರದ ಧ್ವನಿ ಮತ್ತು ದೃಶ್ಯದ ಸಂದೇಶಗಳಿಗೆ ಕಡಿಮೆ ಕಾಯುವ ಸೌಲಭ್ಯ ದೊರೆಯಿತು. 2021ರಲ್ಲಿ ಅಂಗೀಕಾರವಾದ, ಜನರು ವೈಫೈ 6 ಎಂದು ಕರೆಯುವ ನಿಯಮದಲ್ಲಿ ಪೆಟ್ಟಿಗೆಯೇ ಫೋನುಗಳ ಹೆಸರು ಹಿಡಿದು ಕರೆದು, ಒಂದೇ ಸಲಕ್ಕೆ ಹಲವರಿಗೆ ಮಾರ್ಗದ ಬೇರೆ ಬೇರೆ ಪಾಲುಗಳನ್ನು ಹಂಚಿಕೊಡಬಲ್ಲದು. ಏಬ್ರಮ್‌ಸನ್ 1970ರಲ್ಲಿ ಬದಿಗಿಟ್ಟಿದ್ದ ಹಾಜರಿ ಪುಸ್ತಕ ಅರ್ಧ ಶತಮಾನದ ಮೇಲೆ ಮತ್ತೆ ಮೇಜಿನ ಮೇಲೆ ಬಂದಿತು. ಇದರಿಂದ ಅವರು ತಪ್ಪೆಂದು ಆಗುವುದಿಲ್ಲ. ಜನ ವಿರಳವಾಗಿದ್ದಾಗ ಅಪ್ಪಣೆಯಿಲ್ಲದೆ ಮಾತನಾಡುವುದೇ ಚೆನ್ನು. ಸಭೆ ತುಂಬಿದಾಗ ಹಿಂದಿನ ಬೆಂಚಿನವನ ಹೆಸರನ್ನು ಯಾರಾದರೂ ಕರೆಯಬೇಕಾಗುತ್ತದೆ. ಏಬ್ರಮ್‌ಸನ್ 2020ರ ಡಿಸೆಂಬರ್ 1ರಂದು ತೀರಿಕೊಂಡರು. ಆ ವರ್ಷ ಜಗತ್ತಿನ ಮಕ್ಕಳೆಷ್ಟೋ ಮಂದಿ ಮನೆಯಲ್ಲಿ ಕುಳಿತು ಅವರ ಆಲೋಚನೆಯ ಮೊಮ್ಮಗನಾದ ವೈಫೈ ಮೂಲಕವೇ ಪಾಠ ಕೇಳಿದರು.

ಮದುವೆಯ ಮನೆಗೆ ಮರಳಿ ಮುಗಿಸುತ್ತೇನೆ. ಊಟವಾದ ಮೇಲೆ ನನ್ನ ಶಿಷ್ಯ ಕೈ ತೊಳೆದವನೇ ಮಂಟಪದ ವ್ಯವಸ್ಥಾಪಕರನ್ನು ಕಂಡು, ಅವರ ಒಪ್ಪಿಗೆ ಪಡೆದು ವೈಫೈ ಪಾಸ್‌ವರ್ಡನ್ನು ಬದಲಾಯಿಸಿದ. ಸಂಜೆಯ ಆರತಕ್ಷತೆಯಲ್ಲಿ ಆ ಜಾಲಕ್ಕೆ ಸೇರಿದ್ದದ್ದು ನನ್ನ ಮೊಮ್ಮಗನ ಫೋನು ಒಂದೇ. ಉಳಿದವರು ವೈಫೈ ಕೆಟ್ಟಿದೆಯೆಂದು ಸ್ವಲ್ಪ ಗೊಣಗಿ, ಅನಂತರ ಪರಸ್ಪರ ಮಾತನಾಡತೊಡಗಿದರು. ದೂರದ ಅಣ್ಣ ತಂಗಿಯ ಮುಖವನ್ನು ಕಣ್ತುಂಬ ಕಂಡ, ತಂಗಿ ಅತ್ತಳು, ಅವನೂ ಅತ್ತ. ಧಾರೆಯ ಗಳಿಗೆ ಮಾತ್ರ ಅವನಿಗೆ ಮರಳಿ ಸಿಗಲಿಲ್ಲ.

ಬಸ್ ನಿಲ್ದಾಣದಲ್ಲಿ ನನಗೆ ಸಿಕ್ಕಿದ್ದ ಆ ಶಿಷ್ಯನೂ ಇದನ್ನು ಓದುತ್ತಿರಬಹುದು. ಅಪ್ಪಾ, ಅಂದು ನಿನ್ನ ಹೆಸರು ಹಿಡಿದು ಕರೆಯದೆ ಹೋದದ್ದು ನನ್ನ ತಪ್ಪು. ಆ ವರ್ಷ ನಾನು ಕೇಳಿದ ಯಾವ ಪ್ರಶ್ನೆಗಾದರೂ ನಿನ್ನ ಉತ್ತರ ಬಾಕಿಯಿದ್ದರೆ ಈಗ ಬರೆದು ಕಳುಹಿಸು. ಇಲ್ಲಿ ಗದ್ದಲವಿಲ್ಲ, ನಾನು ಕಾಯುತ್ತೇನೆ.